ತಂತಿಗೆ ಎರಡು ತುದಿ

ವೈಶಾಖದ ಬೇಗೆ ಇನ್ನು ಸಹಿಸಲಸಾಧ್ಯವೆನ್ನುವ ಹೊತ್ತಿಗೆ ಒಂದು ಸಂಜೆ ಪಡುವಣದಲ್ಲಿ ಮೋಡ ಕವಿದು, ಗಾಳಿ ಎದ್ದು, ಬೀದಿಯ ಮರದ ಕೊಂಬೆಯೊಂದು ವಿದ್ಯುತ್ತಿನ ತಂತಿಯ ಮೇಲೆ ಒರಗಿ, ಎದೆ ನಡುಗಿಸುವ ಸಿಡಿಲೊಂದರೊಡನೆ ಬಡಾವಣೆಯೆಲ್ಲ ಕತ್ತಲಾಗುವ ದೃಶ್ಯ ಮೈಸೂರು ಬೆಂಗಳೂರುಗಳಲ್ಲಿ ವಾಸಿಸುವವರಿಗೆ ಹೊಸದಲ್ಲ. ಮಳೆ ನಿಲ್ಲುತ್ತದೆ, ತೊಯ್ದ ಮಣ್ಣಿನ ವಾಸನೆ ಕಿಟಕಿಯಿಂದ ಒಳಬರುತ್ತದೆ, ಎರಡು ಗಂಟೆಗಳ ತರುವಾಯ ಕರೆಂಟೂ ಬರುತ್ತದೆ. ಆದರೆ ಮೂಲೆಯ ಮೇಜಿನ ಮೇಲಿರುವ ಕಂಪ್ಯೂಟರಿನ ತೆರೆಯ ಕೆಳಗಂಚಿನಲ್ಲಿ ಪುಟ್ಟ ಭೂಗೋಳವೊಂದು ಕಾಣಿಸಿಕೊಂಡು, ಅದರ ಪಕ್ಕದಲ್ಲಿ ಅಡ್ಡಗೆರೆ ಎಳೆದ ವೃತ್ತವೊಂದು ಕುಳಿತು, ಹೊರಲೋಕದೊಡನೆ ಈ ಮನೆಯ ವ್ಯವಹಾರ ಕಡಿದುಬಿದ್ದಿದೆಯೆಂದು ಸಾರುತ್ತದೆ.

ಒಡನೆಯೇ ಮನೆಯಲ್ಲಿ ವೈದ್ಯರ ಸಭೆ ನೆರೆಯುತ್ತದೆ. ಬೆಳಗಾಗುವುದರೊಳಗೆ ಕಚೇರಿಯ ಕೆಲಸವನ್ನು ಒಪ್ಪಿಸಬೇಕಾದ ಮಗಳು “ಕಂಪನಿಯವರದೇ ತೊಂದರೆ” ಎನ್ನುತ್ತಾಳೆ, ಅಪ್ಪ “ಕಂಪ್ಯೂಟರಿಗೆ ವಯಸ್ಸಾಯಿತು” ಎಂದು ತೀರ್ಪು ಕೊಡುತ್ತಾರೆ, “ಗುಡುಗುವಾಗ ಪ್ಲಗ್ಗು ಕೀಳಿ ಅಂತ ಬಡಕೊಂಡೆ, ಯಾರು ಕೇಳಿದಿರಿ?” ಎಂದು ಅಜ್ಜಿ ನಡುಮನೆಯಿಂದಲೇ ಕೇಳುತ್ತಾರೆ. ಒಬ್ಬರು ಒಂದು ಗುಂಡಿಯನ್ನು ಒತ್ತಿ, ಇನ್ನೊಬ್ಬರು ಒಂದು ತಂತಿಯನ್ನು ಕಿತ್ತು ಬೇರೆ ಕಡೆ ಸಿಕ್ಕಿಸಿ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲಿದ್ದ ವ್ಯಾಧಿ ಯಾವುದು, ಚಿಕಿತ್ಸೆಯಿಂದ ಹುಟ್ಟಿದ ವ್ಯಾಧಿ ಯಾವುದು ಎಂಬುದನ್ನು ಬ್ರಹ್ಮನೂ ಬಿಡಿಸಿ ಹೇಳಲಾರದಂತಾಗುತ್ತದೆ.

“ನೆಟ್ ಇಲ್ಲ” ಎಂಬ ದೂರು “ಮೈಯಲ್ಲಿ ಸರಿಯಿಲ್ಲ” ಎಂಬ ದೂರಿನ ಜಾತಿಗೆ ಸೇರಿದುದು. ಅದರ ಹಿಂದೆ ಹತ್ತಾರು ಕಾಯಿಲೆಗಳು ಅಡಗಿರಬಹುದು. ವೈಫೈಯ ವಿಷಯದಲ್ಲಿ ಗೋಡೆ, ದೂರ, ನೆರೆಮನೆಯ ಹಾವಳಿ ಎಂದು ಕಣ್ಣಿಗೆ ಕಾಣದ ಕಾರಣಗಳು ಬಹಳ. ಆದರೆ ರೂಟರ್ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ತಂತಿ, ಶಾಸ್ತ್ರದ ಮಾತಿನಲ್ಲಿ ಈಥರ್‌ನೆಟ್ ಸಂಪರ್ಕ, ಹಾಗಲ್ಲ. ಅದು ಕೈಗೆ ಸಿಕ್ಕುವ ವಸ್ತು; ಕ್ರಮವಾಗಿ ವಿಚಾರಿಸಿದರೆ ಎಲ್ಲಿ ನೋವು ಎಂಬುದನ್ನು ಬಹುಮಟ್ಟಿಗೆ ಸತ್ಯವಾಗಿ ಹೇಳುವ ವಸ್ತು. ನಾವು ತಪ್ಪುವುದು ವಿಚಾರಣೆಯ ಕ್ರಮದಲ್ಲಿ: ಹತ್ತಿರದ ತುದಿಯನ್ನು ನೋಡುವ ಮೊದಲೇ ದೂರದ ಕಂಪನಿಯನ್ನು ಶಂಕಿಸುತ್ತೇವೆ.

ಇಲ್ಲದ ಆಕಾಶದ ಹೆಸರು

ಈ ತಂತಿಗೆ ಬಂದಿರುವ ಹೆಸರಿನ ಹಿಂದೆ ಒಂದು ವಿನೋದವುಂಟು. ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ವಿಜ್ಞಾನಿಗಳು ಬೆಳಕಿನ ಅಲೆಗಳು ಸಾಗುವುದಕ್ಕೆ ಸರ್ವವ್ಯಾಪಿಯಾದ ಯಾವುದೋ ಒಂದು ಸೂಕ್ಷ್ಮದ್ರವ್ಯ ಇರಲೇಬೇಕೆಂದು ಊಹಿಸಿ, ಅದನ್ನು ಈಥರ್ ಎಂದು ಕರೆದರು. ಶಬ್ದಕ್ಕೆ ಆಶ್ರಯವಾಗಿ ಆಕಾಶವೆಂಬ ದ್ರವ್ಯವನ್ನು ಅಂಗೀಕರಿಸಿದ ನಮ್ಮ ವೈಶೇಷಿಕರಿಗೆ ಈ ಬಗೆಯ ತರ್ಕ ಅಪರಿಚಿತವಾಗಿ ತೋರುತ್ತಿರಲಿಲ್ಲ. ಆದರೆ 1887ರಲ್ಲಿ ಅಮೆರಿಕದ ಮೈಕೆಲ್‌ಸನ್ ಮತ್ತು ಮಾರ್ಲಿ ನಡೆಸಿದ ಪ್ರಯೋಗದಲ್ಲಿ ಈಥರಿನ ಸುಳಿವೇ ಸಿಕ್ಕಲಿಲ್ಲ. ಕಾಲಕ್ರಮದಲ್ಲಿ ಆ ಕಲ್ಪನೆಯೇ ಭೌತಶಾಸ್ತ್ರದಿಂದ ನಿರ್ಗಮಿಸಿತು.

ಹಾಗೆ ಅನಾಥವಾಗಿದ್ದ ಹೆಸರನ್ನು ಎತ್ತಿಕೊಂಡವರು ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದ ರಾಬರ್ಟ್ ಮೆಟ್‌ಕಾಫ್. ಅಲ್ಲಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಿಕೊಳ್ಳುವಂತೆಯೂ ಒಂದೇ ಮುದ್ರಣಯಂತ್ರವನ್ನು ಹಂಚಿಕೊಳ್ಳುವಂತೆಯೂ ಮಾಡುವ ಉಪಾಯವನ್ನು ಅವರು 1973ರ ಮೇ 22ರಂದು ಒಂದು ಟಿಪ್ಪಣಿಯಾಗಿ ಬರೆದರು. ಡೇವಿಡ್ ಬಾಗ್ಸ್ ಅವರೊಡನೆ ಸೇರಿ ಅದನ್ನು ಕಟ್ಟಿಯೂ ತೋರಿಸಿದರು. ಎಲ್ಲ ಯಂತ್ರಗಳಿಗೂ ಸಮಾನವಾಗಿ ಹಬ್ಬಿದ್ದ ಒಂದೇ ದಪ್ಪ ತಂತಿ ಅವರ ಪಾಲಿಗೆ ಈಥರ್ ಆಯಿತು. ಅದರ ವೇಗ ಸೆಕೆಂಡಿಗೆ 2.94 ಮೆಗಾಬಿಟ್; ಇಂದು ಸಾಮಾನ್ಯ ಗೃಹಸ್ಥನ ಮನೆಯ ತಂತಿಯ ವೇಗ ಅದರ ಮುನ್ನೂರು ಪಾಲಿಗಿಂತಲೂ ಹೆಚ್ಚು.

ಆ ಮೊದಲಿನ ತಂತಿಯಲ್ಲಿ ಮಾತು ನಡೆಯುತ್ತಿದ್ದ ರೀತಿ ಒಳ್ಳೆಯ ಸಭಾಮರ್ಯಾದೆಯನ್ನು ನೆನಪಿಗೆ ತರುತ್ತದೆ. ಮಾತಾಡಬೇಕಾದ ಯಂತ್ರ ಮೊದಲು ಕಿವಿಗೊಟ್ಟು ಯಾರಾದರೂ ಮಾತಾಡುತ್ತಿರುವರೆ ಎಂದು ಆಲಿಸಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರು ಒಂದೊಂದು ಅವಧಿ ತಡೆದು ಮತ್ತೆ ಪ್ರಯತ್ನಿಸಬೇಕು. ಈಗ ಪ್ರತಿಯೊಂದು ಯಂತ್ರಕ್ಕೂ ಬೇರೆ ತಂತಿ, ಬೇರೆ ಕಿಂಡಿ ಇರುವುದರಿಂದ ಈ ಸೌಜನ್ಯದ ಅಗತ್ಯ ಉಳಿದಿಲ್ಲ. ದೋಷ ಹುಡುಕುವವನಿಗೆ ಇದು ದೊಡ್ಡ ಅನುಕೂಲ. ಹಂಚಿಕೊಂಡ ತಂತಿಯ ಕಾಲದಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಕಳಚಿದರೆ ಇಡೀ ಸಾಲೇ ಮೂಕವಾಗುತ್ತಿತ್ತು, ಈಗ ಕೆಟ್ಟ ತಂತಿ ಕೆಡಿಸುವುದು ತನ್ನ ಎರಡು ತುದಿಗಳನ್ನು ಮಾತ್ರ.

ಎಂಟು ಎಳೆ, ನಾಲ್ಕು ಹುರಿ

ಬೂದು ಅಥವಾ ನೀಲಿ ಬಣ್ಣದ ಆ ತಂತಿಯ ಹೊದಿಕೆಯನ್ನು ಸೀಳಿ ನೋಡಿದರೆ ಒಳಗೆ ಎಂಟು ಸಣ್ಣ ಎಳೆಗಳು, ಎರಡೆರಡಾಗಿ ಹುರಿಗೊಂಡು, ನಾಲ್ಕು ಜೋಡಿಗಳಾಗಿರುತ್ತವೆ: ಕಿತ್ತಳೆ, ಹಸುರು, ನೀಲಿ, ಕಂದು, ಪ್ರತಿ ಬಣ್ಣಕ್ಕೂ ಬಿಳಿಯ ಪಟ್ಟೆಯ ಒಬ್ಬ ಸಂಗಾತಿ. ಹೀಗೆ ಹೊಸೆದಿರುವುದು ಅಂದಕ್ಕಲ್ಲ. ಹೊರಗಿನಿಂದ ಬಂದು ಬಡಿಯುವ ವಿದ್ಯುತ್ತಿನ ಗದ್ದಲ, ಫ್ಯಾನಿನದಾಗಲಿ ಮಿಕ್ಸಿಯದಾಗಲಿ, ಒಂದಕ್ಕೊಂದು ಸುತ್ತಿಕೊಂಡಿರುವ ಎರಡು ಎಳೆಗಳಿಗೂ ಹೆಚ್ಚುಕಡಿಮೆ ಸಮನಾಗಿ ತಗಲುತ್ತದೆ. ಆಚೆಯ ತುದಿಯಲ್ಲಿರುವ ಯಂತ್ರವಾದರೋ ಎರಡು ಎಳೆಗಳ ನಡುವಣ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಸಮಾನವಾದ ಗದ್ದಲ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ದೂರವಾಣಿಯ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು.

ತುದಿಯ ಪಾರದರ್ಶಕವಾದ ಪ್ಲಗ್ಗಿನೊಳಗೆ ಈ ಎಂಟು ಎಳೆಗಳು ಕೂರುವುದಕ್ಕೂ ಒಂದು ಕ್ರಮವಿದೆ. ನಮ್ಮಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಪಾಠ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸುರು, ನೀಲಿ, ಬಿಳಿ-ನೀಲಿ, ಹಸುರು, ಬಿಳಿ-ಕಂದು, ಕಂದು. ಕೇಬಲ್ ಕೆಲಸದ ಹುಡುಗರು ಇದನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಹಸುರು ದಂಪತಿಗಳು ಅಕ್ಕಪಕ್ಕದಲ್ಲಿ ಕೂರದೆ, ನೀಲಿ ಜೋಡಿಯನ್ನು ನಡುವೆ ಇರಿಸಿಕೊಂಡು ಮೂರನೆಯ ಮತ್ತು ಆರನೆಯ ಸ್ಥಾನಗಳಲ್ಲಿ ಕೂತಿರುವುದನ್ನು ಗಮನಿಸಬೇಕು. ಹಳೆಯ ದೂರವಾಣಿಯ ಎಳೆಗಳು ನಟ್ಟನಡುವೆ ಕೂರುತ್ತಿದ್ದ ಸಂಪ್ರದಾಯದ ಅವಶೇಷ ಅದು.

ಈ ವಿಚಿತ್ರವನ್ನು ಅರಿಯದ ಎಲೆಕ್ಟ್ರಿಷಿಯನ್ ಒಬ್ಬನು, ಜೋಡಿಗಳನ್ನು ಅಗಲಿಸುವುದೇಕೆಂದು ಸಹಜವಾದ ದಯೆಯಿಂದ ಕಿತ್ತಳೆ, ಹಸುರು, ನೀಲಿ, ಕಂದು ಎಂದು ಸಾಲಾಗಿ ಕೂರಿಸಿಬಿಟ್ಟರೆ ಏನಾಗುತ್ತದೆ? ಎರಡು ತುದಿಗಳಲ್ಲಿಯೂ ಒಂದೇ ಕ್ರಮವಿರುವುದರಿಂದ ತಂತಿಯನ್ನು ಪರೀಕ್ಷಿಸುವ ಟೆಸ್ಟರಿನ ಎಂಟು ದೀಪಗಳೂ ಒಂದಾದಮೇಲೊಂದು ಹತ್ತಿ ಎಲ್ಲ ಸರಿಯಾಗಿದೆಯೆಂದು ಸಾಕ್ಷಿ ಹೇಳುತ್ತವೆ. ಆದರೆ ಸಂಕೇತವನ್ನು ಒಯ್ಯಬೇಕಾದ ಎರಡು ಎಳೆಗಳು ಈಗ ಬೇರೆಬೇರೆ ಹುರಿಗಳಿಗೆ ಸೇರಿದವಾದುದರಿಂದ ಗದ್ದಲವನ್ನು ಕಳೆಯುವ ಗುಣ ನಷ್ಟವಾಗುತ್ತದೆ. ಎರಡು ಮೀಟರಿನ ತಂತಿಯಲ್ಲಿ ಇದು ಗೊತ್ತೇ ಆಗದು. ಮಹಡಿಯ ಕೋಣೆಯವರೆಗೆ ಎಳೆದ ಉದ್ದದ ತಂತಿಯಲ್ಲಿ ಸಂಪರ್ಕ ಬರುತ್ತ ಹೋಗುತ್ತ ಮನೆಯವರನ್ನು ವರ್ಷಗಟ್ಟಲೆ ಸತಾಯಿಸುತ್ತದೆ. ದೀಪ ಹತ್ತಿದ ಮಾತ್ರಕ್ಕೆ ತಂತಿ ನಿರ್ದೋಷಿಯೆಂದು ನಂಬಬಾರದೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ದಾರಿಯನ್ನು ಎರಡಾಗಿ ಸೀಳುವ ಪ್ರಶ್ನೆ

ಇನ್ನು ವಿಚಾರಣೆ. ಕಂಪ್ಯೂಟರಿನಿಂದ ಹೊರಟ ಮಾತು ಮೊದಲು ಲ್ಯಾನ್ ತಂತಿಯಲ್ಲಿ ರೂಟರಿಗೆ ಬಂದು, ಅಲ್ಲಿಂದ ಹೊರಗಿನ ಫೈಬರಿನ ಮೂಲಕ ಕಂಪನಿಯ ಮನೆ ಸೇರಿ, ಆಮೇಲೆ ಜಗತ್ತಿಗೆ ಹರಿಯುತ್ತದೆ. ಈ ದಾರಿಯನ್ನು ರೂಟರಿನ ಬಳಿ ಎರಡಾಗಿ ಸೀಳುವ ಪ್ರಶ್ನೆಯೊಂದಿದೆ: ಅದೇ ಮನೆಯ ವೈಫೈಯಲ್ಲಿ ಮೊಬೈಲಿಗೆ ನೆಟ್ ಬರುತ್ತಿದೆಯೆ? ಬರುತ್ತಿದ್ದರೆ ಕಂಪನಿ ನಿರಪರಾಧಿ. ದೋಷ ರೂಟರಿನಿಂದ ಕಂಪ್ಯೂಟರಿನವರೆಗಿನ ನಾಲ್ಕಾರು ಮಾರು ಅಂತರದಲ್ಲಿ ಎಲ್ಲೋ ಇದೆ. ಬಾರದಿದ್ದರೆ ಲ್ಯಾನ್ ತಂತಿಯನ್ನು ಕಿತ್ತೆಸೆಯುವ ಅವಸರ ಬೇಡ.

ಪ್ರಶ್ನೆ ಸುಲಭವೆಂದು ತೋರಿದರೂ ಇದರಲ್ಲಿ ಒಂದು ಮೋಸವಿದೆ. ವೈಫೈ ಸೋತೊಡನೆ ಮೊಬೈಲು ಯಾರಿಗೂ ಹೇಳದೆ ತನ್ನ ಸಿಮ್ಮಿನ ಡೇಟಾಕ್ಕೆ ಜಾರಿಕೊಂಡು, ಎಲ್ಲ ನೆಟ್ಟಗಿರುವಂತೆ ನಟಿಸುತ್ತದೆ. ಆದಕಾರಣ ಮೊಬೈಲ್ ಡೇಟಾವನ್ನು ಆರಿಸಿದ ಮೇಲೆಯೇ ಪರೀಕ್ಷಿಸಬೇಕು. ಲ್ಯಾಪ್‌ಟಾಪಿನ ವಿಷಯದಲ್ಲಿ ಮೋಸ ಇದಕ್ಕೆ ವಿಪರೀತವಾದುದು: ತಂತಿ ಸತ್ತು ತಿಂಗಳಾಗಿದ್ದರೂ ಅದು ವೈಫೈಯಿಂದ ಹೊಟ್ಟೆ ಹೊರೆದುಕೊಳ್ಳುತ್ತಿದ್ದು, ಯಜಮಾನನು ತಂತಿಯಿಂದಲೇ ಬದುಕುತ್ತಿದ್ದೇನೆಂಬ ಭ್ರಮೆಯಲ್ಲಿರುತ್ತಾನೆ.

ಮೊಬೈಲಿಗೂ ಬಾರದಾಗ ನೋಡಬೇಕಾದುದು ಫೈಬರ್ ಬಂದು ಸೇರುವ ಪೆಟ್ಟಿಗೆ. ಅದರ ಮೇಲೆ ‘ಎಲ್‌ಓಎಸ್’ ಎಂದು ಬರೆದ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಫೈಬರ್ ಎಂಬುದು ಗಾಜಿನ ಎಳೆ. ಕಪಾಟಿನ ಹಿಂದೆ ಅಪ್ಪಚ್ಚಿಯಾಗಿ ಬಾಗಿದೆಯೆ ಎಂದು ನೋಡುವುದನ್ನು ಬಿಟ್ಟರೆ ಗೃಹಸ್ಥನು ಅಲ್ಲಿ ಮಾಡಬಹುದಾದುದು ಏನೂ ಇಲ್ಲ. ಅದನ್ನು ಕಳಚಿ ತುದಿಯೊಳಗೆ ಇಣುಕಿ ನೋಡುವುದಂತೂ ಕೂಡದು. ಅಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ದೀಪದ ಸಾಕ್ಷ್ಯ

ದೋಷ ಈಚೆಗೇ ಇದೆಯೆಂದು ಗೊತ್ತಾದ ಮೇಲೆ, ಕಂಪ್ಯೂಟರಿನೊಳಗಿನ ಸೆಟ್ಟಿಂಗುಗಳ ಕಾಡಿಗೆ ನುಗ್ಗುವ ಮುನ್ನ, ಕಿಂಡಿಯ ದೀಪವನ್ನು ನೋಡುವುದು ವಿವೇಕ. ಅರುಂಧತಿಯನ್ನು ತೋರಿಸುವವನು ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನು ತೋರಿಸುವಂತೆ, ಇಲ್ಲಿಯೂ ಸ್ಥೂಲದಿಂದ ಸೂಕ್ಷ್ಮಕ್ಕೆ ಹೋಗುವುದೇ ಮಾರ್ಗ. ಲ್ಯಾನ್ ತಂತಿ ಸೇರುವ ಕಿಂಡಿಯ ಬಳಿ ಸಾಮಾನ್ಯವಾಗಿ ಒಂದೆರಡು ಪುಟ್ಟ ದೀಪಗಳಿರುತ್ತವೆ. ಬಣ್ಣ ಯಂತ್ರದಿಂದ ಯಂತ್ರಕ್ಕೆ ಬೇರೆಯಾದರೂ ಅರ್ಥ ಒಂದೇ. ಹತ್ತಿದ ದೀಪ “ಆಚೆಯವನು ನನಗೆ ಕೇಳಿಸುತ್ತಿದ್ದಾನೆ” ಎನ್ನುತ್ತದೆ. ಮಿಣುಕುವ ದೀಪ “ಮಾತು ನಡೆಯುತ್ತಿದೆ” ಎನ್ನುತ್ತದೆ. ಎರಡೂ ಆರಿದ್ದರೆ ತಂತಿ, ಪ್ಲಗ್ಗು, ಕಿಂಡಿ ಈ ಮೂರರಲ್ಲಿ ಒಂದು ಕೈಕೊಟ್ಟಿದೆ, ಇಲ್ಲವೆ ಆಚೆಯ ಪೆಟ್ಟಿಗೆಗೆ ಕರೆಂಟೇ ಇಲ್ಲ. ಈ ಕೊನೆಯ ಸಂಭವ ಹಾಸ್ಯಾಸ್ಪದವೆಂದು ತಳ್ಳಿಬಿಡುವಂತಿಲ್ಲ. ಕಸ ಗುಡಿಸುವಾಗ ಅಲುಗಿದ ಅಡಾಪ್ಟರಿನಿಂದ ಸಂಭವಿಸಿದ ದುರಂತಗಳು ಲೆಕ್ಕಕ್ಕೆ ಮೀರಿದವು.

ಮೊದಲು ಪ್ಲಗ್ಗನ್ನು ಹೊರಗೆ ತೆಗೆದು, ಟಿಕ್ ಎಂಬ ಸದ್ದು ಕೇಳುವವರೆಗೆ ಮತ್ತೆ ಒತ್ತಬೇಕು. ಆ ಸದ್ದು ಬರುವುದು ಪ್ಲಗ್ಗಿನ ಬೆನ್ನಿನ ಮೇಲಿನ ಪ್ಲಾಸ್ಟಿಕ್ ನಾಲಿಗೆಯಿಂದ. ನಾಲಿಗೆ ಮುರಿದಿದ್ದರೆ ಪ್ಲಗ್ಗು ಕಿಂಡಿಯಲ್ಲಿ ಕೂತಂತೆ ಕಂಡರೂ ತಂತಿಯ ಭಾರಕ್ಕೆ ಕೂದಲೆಳೆಯಷ್ಟು ಹಿಂದೆ ಸರಿದು ಸಂಪರ್ಕ ತಪ್ಪುತ್ತದೆ. ಒಂದು ರೂಪಾಯಿಯ ಬೆಲೆಯೂ ಇರದ ಆ ನಾಲಿಗೆಯ ತುಂಡು ಎಷ್ಟು ಕಂಪ್ಯೂಟರುಗಳಿಗೆ ಕೆಟ್ಟ ಹೆಸರು ತಂದಿದೆಯೋ ತಿಳಿಯದು. ಇದನ್ನು ಎರಡು ತುದಿಗಳಲ್ಲಿಯೂ ಮಾಡಬೇಕು. ಜನ ಸಾಧಾರಣವಾಗಿ ಮೇಜಿನ ಬಳಿಯ ತುದಿಯನ್ನು ಹತ್ತು ಸಲ ಕಿತ್ತು ಹಾಕುತ್ತಾರೆಯೇ ವಿನಾ, ದೂಳು ಹಿಡಿದ ಅಟ್ಟದ ಮೇಲೆಯೋ ಟಿವಿಯ ಹಿಂದೆಯೋ ಇರುವ ಇನ್ನೊಂದು ತುದಿಯ ಬಳಿಗೆ ಹೋಗುವುದಿಲ್ಲ. ದೋಷವಾದರೋ ಯಾರೂ ಹೋಗದ ತುದಿಯನ್ನೇ ಇಷ್ಟಪಡುತ್ತದೆ.

ಆಗಲೂ ದೀಪ ಹತ್ತದಿದ್ದರೆ ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆದ ವಿಧಾನವನ್ನು ಪ್ರಯೋಗಿಸಬೇಕು: ಯಾವುದು ಇದ್ದರೆ ಕಾರ್ಯ ಆಗುತ್ತದೆ, ಯಾವುದು ಇಲ್ಲದಿದ್ದರೆ ಆಗುವುದಿಲ್ಲ ಎಂಬುದನ್ನು ನೋಡಿ ಕಾರಣವನ್ನು ನಿಶ್ಚಯಿಸುವುದು. ಚೆನ್ನಾಗಿದೆಯೆಂದು ಗೊತ್ತಿರುವ ಬೇರೊಂದು ತಂತಿಯನ್ನು ಹಾಕಿ. ದೀಪ ಹತ್ತಿದರೆ ಹಳೆಯ ತಂತಿ ದೋಷಿ. ಹತ್ತದಿದ್ದರೆ ರೂಟರಿನ ಮತ್ತೊಂದು ಕಿಂಡಿಗೆ ಬದಲಾಯಿಸಿ. ಅದೂ ಫಲಿಸದಿದ್ದರೆ ಆ ತಂತಿಗೆ ಬೇರೆ ಲ್ಯಾಪ್‌ಟಾಪನ್ನು ಜೋಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆನ್ನುವುದು ಇಲ್ಲಿನ ವ್ರತ. ತಂತಿಯನ್ನೂ ಕಿಂಡಿಯನ್ನೂ ಒಟ್ಟಿಗೆ ಬದಲಾಯಿಸಿ ನೆಟ್ ಬಂದುಬಿಟ್ಟರೆ ಸಂತೋಷವೇನೋ ಆಗುತ್ತದೆ. ಯಾವುದು ಕೆಟ್ಟಿತ್ತೆಂಬ ಜ್ಞಾನ ಮಾತ್ರ ಹುಟ್ಟುವುದಿಲ್ಲ. ಕೆಟ್ಟ ತಂತಿಯನ್ನು ಸುರುಳಿ ಸುತ್ತಿ ಜೋಪಾನವಾಗಿ ಎತ್ತಿಟ್ಟು, ಮುಂದಿನ ವರ್ಷ ಅದನ್ನೇ ಒಳ್ಳೆಯ ತಂತಿಯೆಂದು ಹೊರತೆಗೆಯುತ್ತೇವೆ.

ರೂಟರಿನ ಕಿಂಡಿಗಳೆಲ್ಲ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ನಾಲ್ಕು ಕಿಂಡಿಗಳು ಒಂದು ಬಣ್ಣದವಾಗಿ, ಐದನೆಯದು ಬೇರೆ ಬಣ್ಣದ್ದಾಗಿ ‘ವ್ಯಾನ್’ ಎಂಬ ಹೆಸರು ಹೊತ್ತಿದ್ದರೆ, ಅದು ಹೊರಗಿನಿಂದ ಬರುವ ತಂತಿಗೆ ಮೀಸಲಾದ ಹೆಬ್ಬಾಗಿಲು. ಕಂಪ್ಯೂಟರನ್ನು ಅಲ್ಲಿಗೆ ಜೋಡಿಸಿದರೆ ದೀಪ ಹತ್ತುತ್ತದೆ, ನೆಟ್ ಬರುವುದಿಲ್ಲ.

ಇಲಿ, ಇರುವೆ, ಸಿಡಿಲು

ತಂತಿಯ ವೈರಿಗಳ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ಆದ ಸಂಪತ್ತಿದೆ. ಅಟ್ಟದ ಮೇಲೂ ಹೆಂಚಿನ ಮಾಡಿನ ಕೆಳಗೂ ಓಡಾಡುವ ಇಲಿಗೆ ಪ್ಲಾಸ್ಟಿಕ್ ಹೊದಿಕೆ ಹಲ್ಲು ಮಸೆಯುವ ಸಾಧನ. ಕಿಟಕಿಯ ಸಂದಿನಲ್ಲಿ ಒತ್ತಿ ಮುಚ್ಚಿದ ತಂತಿ, ಮಂಚದ ಕಾಲಿನ ಕೆಳಗೆ ಸಿಕ್ಕಿದ ತಂತಿ, ಬಿಸಿಲು ಮಳೆಗೆ ಹೊರಗೋಡೆಯ ಮೇಲೆ ಬಿರಿದ ತಂತಿ, ಇವುಗಳಲ್ಲಿ ಒಂದೆರಡು ಎಳೆ ಮಾತ್ರ ತುಂಡಾಗಿರುವುದುಂಟು. ಬೇಸಿಗೆಯಲ್ಲಿ ಖಾಲಿ ಕಿಂಡಿಯೊಳಗೆ ಇರುವೆಗಳು ಸಂಸಾರ ಹೂಡಿರುವುದನ್ನೂ ನಾನು ನೋಡಿದ್ದೇನೆ.

ಸಿಡಿಲಿನ ಕಥೆ ಬೇರೆ. ಹಿಂದೆ ತಾರಸಿಯಿಂದ ತಾರಸಿಗೆ ತಾಮ್ರದ ಲ್ಯಾನ್ ತಂತಿಯನ್ನೇ ಎಳೆದು ನೆಟ್ ಕೊಡುತ್ತಿದ್ದ ಕಾಲದಲ್ಲಿ, ಬಯಲಿನಲ್ಲಿ ತೂಗಾಡುವ ಆ ಉದ್ದದ ತಂತಿ ದೂರದ ಮಿಂಚಿಗೂ ಮೈನಡುಗಿ, ಅದರ ವಿದ್ಯುತ್ತನ್ನು ಕಿಂಡಿಯವರೆಗೆ ತಂದು ಸುಡುತ್ತಿತ್ತು. ಗಾಜಿನ ಫೈಬರ್ ವಿದ್ಯುತ್ತನ್ನು ಒಯ್ಯದಾದುದರಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಆದರೆ ಬೀದಿಯ ಕಂಬದಿಂದ ಅಡಾಪ್ಟರಿಗೆ, ಅಡಾಪ್ಟರಿನಿಂದ ರೂಟರಿಗೆ, ರೂಟರಿನಿಂದ ಲ್ಯಾನ್ ತಂತಿಯ ಮೂಲಕ ಕಂಪ್ಯೂಟರಿಗೆ ಬರುವ ಹಿತ್ತಲ ದಾರಿ ತೆರೆದೇ ಇದೆ. ಕಿಂಡಿಗಳ ಒಳಗೆ ರಕ್ಷಣೆಗೆಂದು ಪುಟ್ಟ ಟ್ರಾನ್ಸ್‌ಫಾರ್ಮರುಗಳನ್ನು ಇಟ್ಟಿರುತ್ತಾರೆ, ನಿಜ. ಸಿಡಿಲು ಅವನ್ನು ಲೆಕ್ಕಿಸಬೇಕೆಂಬ ನಿಯಮವಿಲ್ಲ. ರೂಟರಿನ ಉಳಿದುದೆಲ್ಲ ಸರಿಯಿದ್ದು ಒಂದೇ ಕಿಂಡಿ, ಇಲ್ಲವೆ ಕಂಪ್ಯೂಟರಿನ ಲ್ಯಾನ್ ಕಿಂಡಿಯೊಂದೇ ಸತ್ತುಹೋಗುವುದು ಮುಂಗಾರಿಗೆ ಮುಂಚಿನ ಗುಡುಗುಮಳೆಯ ದಿನಗಳಲ್ಲಿ ಸಾಮಾನ್ಯ. ಕರೆಂಟಿನ ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಎರಡನ್ನೂ ಕಳಚುವುದೇ ಇದಕ್ಕೆ ನಿಜವಾದ ರಕ್ಷೆ. ಅಂದಿನ ಸಭೆಯಲ್ಲಿ ಅಜ್ಜಿಯ ಮಾತೇ ಹೆಚ್ಚು ಶಾಸ್ತ್ರೀಯವಾಗಿತ್ತು. ಕಂಪ್ಯೂಟರಿನ ಕಿಂಡಿ ಸತ್ತಿದ್ದರೆ ಯಂತ್ರವನ್ನೇ ಬಿಸುಡಬೇಕಾಗಿಲ್ಲ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರುಗಳು ಅಂಗಡಿಗಳಲ್ಲಿ ದೊರೆಯುತ್ತವೆ.

ದೀಪವಿದ್ದೂ ಕತ್ತಲೆ

ದೀಪ ಹತ್ತಿದೆ, ನೆಟ್ ಮಾತ್ರ ಇಲ್ಲ ಎಂದಾಗ ವಿಚಾರ ತಂತಿಯನ್ನು ಬಿಟ್ಟು ವಿಳಾಸಕ್ಕೆ ಏರುತ್ತದೆ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು; ಮನೆಗಳಲ್ಲಿ ಅದನ್ನು ಕೇಳಿದವರಿಗೆ ಕೊಡುವವನು ರೂಟರ್. ಛತ್ರದ ಮೇಲ್ವಿಚಾರಕನು ಬಂದ ಯಾತ್ರಿಕನಿಗೆ ಕೋಣೆಯ ಸಂಖ್ಯೆ ಬರೆದು ಕೊಡುವಂತೆ, ಅವನು ಒಂದು ವಿಳಾಸವನ್ನು ಗೊತ್ತಾದ ಅವಧಿಗೆ ಬಿಟ್ಟುಕೊಡುತ್ತಾನೆ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ‘ಐಪಿಕಾನ್ಫಿಗ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಆ ವಿಳಾಸ ಕಾಣುತ್ತದೆ. ಅದು 192.168 ಎಂದು ಆರಂಭವಾಗಿದ್ದರೆ ಬಹುಶಃ ರೂಟರ್ ಕೊಟ್ಟುದು. 169.254 ಎಂದು ಆರಂಭವಾಗಿದ್ದರೆ ಕಂಪ್ಯೂಟರು ಕೂಗಿ ಕೂಗಿ, ಯಾರೂ ಓಗೊಡದೆ, ಬೇಸತ್ತು ತನಗೆ ತಾನೇ ಇಟ್ಟುಕೊಂಡ ಹೆಸರು ಅದು. ಈ ಆರು ಅಂಕೆಗಳನ್ನು ನೆನಪಿಟ್ಟವನಿಗೆ ಅರ್ಧ ವಿದ್ಯೆ ಬಂದಂತೆ.

ಆಗ ರೂಟರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಹಚ್ಚುವ ಪ್ರಸಿದ್ಧ ಚಿಕಿತ್ಸೆ ಬಹಳ ಸಲ ಫಲಿಸುತ್ತದೆ. ಅದನ್ನು ನಾನು ನಿಂದಿಸುವವನಲ್ಲ; ಫೈಬರ್ ಪೆಟ್ಟಿಗೆ ಬೇರೆಯಾಗಿದ್ದರೆ ಮೊದಲು ಅದು, ತರುವಾಯ ರೂಟರ್, ಕೊನೆಗೆ ಕಂಪ್ಯೂಟರ್ ಎಂಬ ಕ್ರಮವನ್ನು ಮಾತ್ರ ಪಾಲಿಸಬೇಕು. ಆದರೆ ದಿನಕ್ಕೊಂದು ಸಲ ಆರಿಸಿ ಹಚ್ಚಬೇಕಾಗಿ ಬಂದರೆ ಅದು ಚಿಕಿತ್ಸೆಯಲ್ಲ, ತಾಯಿತ. ಜ್ವರ ಇಳಿಯುತ್ತದೆ, ರೋಗ ಒಳಗೇ ಇರುತ್ತದೆ.

ಮನೆಯಲ್ಲಿ ಇಬ್ಬರು ಮೇಲ್ವಿಚಾರಕರಿದ್ದರೆ ಇನ್ನೊಂದು ಬಗೆಯ ಗೊಂದಲ. ಹಳೆಯ ರೂಟರನ್ನು ಎಸೆಯಲು ಮನಸ್ಸಾಗದೆ, ಮಹಡಿಯಲ್ಲಿ ವೈಫೈ ಬರಲಿ ಎಂದು ಅದನ್ನೂ ಜಾಲಕ್ಕೆ ಸೇರಿಸಿದರೆ, ಹೊಸಬನಂತೆ ಹಳಬನೂ ವಿಳಾಸ ಹಂಚತೊಡಗುತ್ತಾನೆ. ಯಾರ ಚೀಟಿ ಮೊದಲು ಕೈಗೆ ಸಿಕ್ಕಿತೋ ಅದರ ಮೇಲೆ ಆ ದಿನದ ಭಾಗ್ಯ ನಿಂತಿರುತ್ತದೆ. ಹಳಬನ ಸೆಟ್ಟಿಂಗಿನಲ್ಲಿ ವಿಳಾಸ ಹಂಚುವ ಅಧಿಕಾರವನ್ನು ರದ್ದುಮಾಡುವುದೇ ಇದಕ್ಕೆ ಪರಿಹಾರ. ಕಚೇರಿಯಿಂದ ತಂದ ಕಂಪ್ಯೂಟರಿನಲ್ಲಿ ಅಲ್ಲಿಯ ವಿಳಾಸವನ್ನೇ ಶಾಶ್ವತವಾಗಿ ಕೆತ್ತಿಟ್ಟಿರುವುದೂ ಉಂಟು. ಅದು ಮನೆಗೆ ಬಂದರೂ ಕಚೇರಿಯ ಕೋಣೆಯನ್ನೇ ಹುಡುಕುತ್ತಿರುತ್ತದೆ.

ವಿಳಾಸ ಸರಿಯಿದ್ದೂ ಪುಟ ತೆರೆಯದಿದ್ದರೆ ಪಿಂಗ್ ಎಂಬ ಸಣ್ಣ ಉಪಕರಣ ನೆರವಾಗುತ್ತದೆ. ಮೈಕ್ ಮ್ಯೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದುದು ಇದು, ಕತ್ತಲೆಯಲ್ಲಿ “ಯಾರದು?” ಎಂದು ಕೂಗಿ ಉತ್ತರಕ್ಕೆ ಕಾಯುವುದಷ್ಟೇ ಇದರ ಕೆಲಸ. ಮೊದಲು ರೂಟರಿನ ವಿಳಾಸವನ್ನು ಕೂಗಬೇಕು. ಅದು ಓಗೊಟ್ಟರೆ 8.8.8.8 ಎಂಬ ಸಂಖ್ಯೆಯನ್ನು ಕೂಗಬೇಕು. ಇದು ಹೆಸರುಗಳನ್ನು ಸಂಖ್ಯೆಗಳಾಗಿ ತಿಳಿಸಿಕೊಡುವುದಕ್ಕೆಂದು ಗೂಗಲ್ ಸಂಸ್ಥೆ 2009ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಸೇವೆಯ ವಿಳಾಸ. ಅಲ್ಲಿಂದಲೂ ಉತ್ತರ ಬಂದು, ಹೆಸರು ಹೊಡೆದಾಗ ಮಾತ್ರ ಪುಟ ಬಾರದಿದ್ದರೆ, ದಾರಿಯೆಲ್ಲ ನೆಟ್ಟಗಿದ್ದು ಹೆಸರಿನ ಪಂಚಾಂಗ ಮಾತ್ರ ಕೈತಪ್ಪಿದೆಯೆಂದು ಊಹಿಸಬಹುದು. ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬಲ್ಲಿ ಆ ನಾಲ್ಕು ಎಂಟುಗಳನ್ನೇ ಬರೆದರೆ ಅನೇಕ ವೇಳೆ ಬಾಗಿಲು ತೆರೆಯುತ್ತದೆ.

ನನ್ನ ಅಚ್ಚುಕಟ್ಟುತನ

ಇಷ್ಟೆಲ್ಲ ಬರೆಯುತ್ತಿರುವವನು ಎಂತಹ ತಜ್ಞನೆಂಬುದನ್ನು ಓದುಗರಿಂದ ಮುಚ್ಚಿಡಬಾರದು. ನಮ್ಮ ಮನೆಯ ಟಿವಿಯ ಹಿಂದೆ ಐದು ಕಿಂಡಿಗಳ ಒಂದು ಸ್ವಿಚ್ ಇದೆ. ದೀಪದ ಸ್ವಿಚ್ಚಲ್ಲ, ಒಂದು ಲ್ಯಾನ್ ತಂತಿಯನ್ನು ನಾಲ್ಕಾಗಿ ಹಂಚುವ ಪೆಟ್ಟಿಗೆ. ಒಂದು ಭಾನುವಾರ ದೂಳು ಕೊಡವುತ್ತಿದ್ದಾಗ ಪ್ಲಗ್ಗೊಂದು ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು; ಪೆಟ್ಟಿಗೆಯಲ್ಲಿ ಒಂದು ಕಿಂಡಿ ಖಾಲಿಯಿತ್ತು. ಎರಡರ ಸಂಬಂಧ ನನಗೆ ಸ್ವಯಂಸಿದ್ಧವಾಗಿ ತೋರಿತು. ಸಿಕ್ಕಿಸಿ, ಕೈ ತೊಳೆದು, ಊಟಕ್ಕೆ ಕುಳಿತೆ.

ಅಂದು ಮಧ್ಯಾಹ್ನದಿಂದ ಮನೆಯ ಯಾವ ಯಂತ್ರಕ್ಕೂ ನೆಟ್ ಇಲ್ಲ, ವೈಫೈಯೂ ಇಲ್ಲ. ಎರಡು ದಿನ ನಾನು ಕಂಪನಿಯವರನ್ನು ದೂರವಾಣಿಯಲ್ಲಿ ಶಿಕ್ಷಿಸಿದೆ. ಮೂರನೆಯ ದಿನ ಬಂದ ಹುಡುಗ ರೂಟರನ್ನು ಮುಟ್ಟಲೂ ಇಲ್ಲ. ಟಿವಿಯ ಹಿಂದೆ ಬಗ್ಗಿ, ಐದು ದೀಪಗಳೂ ಭೂತ ಹಿಡಿದಂತೆ ಒಂದೇ ಸಮನೆ ಮಿಣುಕುತ್ತಿದ್ದುದನ್ನು ಕ್ಷಣಕಾಲ ನೋಡಿ, ಒಂದು ಪ್ಲಗ್ಗನ್ನು ಹೊರಗೆಳೆದನು. “ಈ ವೈರಿನ ಎರಡು ತುದೀನೂ ಇದೇ ಸ್ವಿಚ್ಚಿಗೆ ಹಾಕಿದೀರ ಸಾರ್” ಎಂದನು.

ಎಲ್ಲರಿಗೂ ಕೇಳಲೆಂದು ಯಂತ್ರವೊಂದು ಕೂಗಿದ ಮಾತನ್ನು ಸ್ವಿಚ್, ಅದು ಬಂದ ಕಿಂಡಿಯನ್ನುಳಿದು, ಮಿಕ್ಕೆಲ್ಲ ಕಿಂಡಿಗಳಿಗೂ ಹಂಚುತ್ತದೆ. ಒಂದೇ ತಂತಿಯ ಎರಡು ತುದಿಗಳೂ ಅದರಲ್ಲಿಯೇ ಇದ್ದರೆ, ಹಂಚಿದ ಮಾತು ಸುತ್ತಿ ಬಂದು ಹೊಸ ಮಾತಿನಂತೆ ಮತ್ತೆ ಒಳಹೊಕ್ಕು, ಮತ್ತೆ ಹಂಚಿಕೆಯಾಗಿ, ಗಾಣದ ಎತ್ತಿನಂತೆ ತಿರುಗುತ್ತಲೇ ಇರುತ್ತದೆ. ಈ ಮಾತುಗಳಿಗೆ ಆಯುಸ್ಸಿನ ಮಿತಿಯನ್ನು ಯಾರೂ ವಿಧಿಸಿಲ್ಲ. ಕ್ಷಣಮಾತ್ರದಲ್ಲಿ ತಂತಿಗಳೆಲ್ಲ ಹಳೆಯ ಕೂಗಿನಿಂದಲೇ ತುಂಬಿ ಹೊಸ ಮಾತಿಗೆ ಎಡೆಯಿಲ್ಲದಂತಾಗುತ್ತದೆ. ದೊಡ್ಡ ಕಚೇರಿಗಳ ಸ್ವಿಚ್ಚುಗಳು ಇಂತಹ ಚಕ್ರವನ್ನು ತಾವೇ ಗುರುತಿಸಿ ಮುರಿಯುತ್ತವೆ. ಆ ಉಪಾಯವನ್ನು 1985ರಲ್ಲಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಮನೆಬಳಕೆಯ ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಆ ಬುದ್ಧಿ ಇರುವುದಿಲ್ಲ. ನನ್ನಲ್ಲಿಯೂ ಇರಲಿಲ್ಲ.

ನಿಧಾನವೆಂಬ ಕಾಯಿಲೆ

ಕೆಲವು ತಂತಿಗಳು ಸಾಯುವುದಿಲ್ಲ, ಸೊರಗುತ್ತವೆ. ಇನ್ನೂರು ಮುನ್ನೂರು ಮೆಗಾಬಿಟ್ಟಿಗೆ ಹಣ ತೆತ್ತವರು ಅಳೆದು ನೋಡಿದಾಗ ತೊಂಬತ್ತನಾಲ್ಕರ ಆಸುಪಾಸಿನಲ್ಲಿ ನಿಂತಿದ್ದರೆ, ಆ ಸಂಖ್ಯೆಯೇ ರೋಗದ ಹೆಸರನ್ನು ಹೇಳುತ್ತದೆ. ಸಂಪರ್ಕ 100 ಮೆಗಾಬಿಟ್ಟಿನ ಹಳೆಯ ಪದ್ಧತಿಗೆ ಇಳಿದಿದೆ. ಮಾತನ್ನು ಸುತ್ತಿ ಕಳುಹಿಸುವ ಲಕೋಟೆಯ ಖರ್ಚು ಕಳೆದು ಕೈಗೆ ದಕ್ಕುವುದು ಅಷ್ಟೆ. 1995ರ ಸುಮಾರಿನ ಆ ಪದ್ಧತಿಗೆ ಕಿತ್ತಳೆ ಮತ್ತು ಹಸುರು, ಈ ಎರಡೇ ಜೋಡಿಗಳು ಸಾಕು. 1999ರಲ್ಲಿ ತಾಮ್ರದ ತಂತಿಗೆ ಬಂದ 1000 ಮೆಗಾಬಿಟ್ಟಿನ ಪದ್ಧತಿಗೆ ನಾಲ್ಕು ಜೋಡಿಗಳೂ ಬೇಕು. ನೀಲಿಯ ಅಥವಾ ಕಂದಿನ ಒಂದು ಎಳೆ ಇಲಿಯ ಬಾಯಿಗೆ ಬಿದ್ದಿದ್ದರೆ ಅನೇಕ ಯಂತ್ರಗಳು ಸದ್ದಿಲ್ಲದೆ ಕೆಳಗಿನ ಮೆಟ್ಟಿಲಿಗೆ ಇಳಿದು ಕೆಲಸ ಸಾಗಿಸುತ್ತವೆ. ರೂಟರಿನ ಕಿಂಡಿಗಳೇ 100ರವಾಗಿರುವುದೂ ಉಂಟು. ಆಗ ತಂತಿಯನ್ನು ಬೈದು ಫಲವಿಲ್ಲ.

ಕೊಳ್ಳುವಾಗ ಹೊದಿಕೆಯ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿರುವುದನ್ನು ನೋಡಿದರೆ ಸಾಲದು. ಒಳಗಿನ ಎಳೆ ಅಪ್ಪಟ ತಾಮ್ರವೋ, ತಾಮ್ರದ ಮುಲಾಮು ಬಳಿದ ಅಲ್ಯೂಮಿನಿಯಮ್ಮೋ ಎಂದು ಕೇಳಬೇಕು. ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಎರಡನೆಯದು. ಅದು ಹಗುರ, ಅಗ್ಗ, ಎರಡು ಸಲ ಬಗ್ಗಿಸಿದರೆ ಮುರಿಯುವಷ್ಟು ಬಡಕಲು. ಗೋಡೆಯೊಳಗಿನ ಪೈಪಿನಲ್ಲಿ ಕರೆಂಟಿನ ತಂತಿಯ ಜೊತೆಗೇ ಇದನ್ನೂ ಎಳೆಯುವ ಚಾಳಿಯನ್ನು ಎಲೆಕ್ಟ್ರಿಷಿಯನ್ನರಿಗೆ ಬಿಡಿಸಬೇಕು; ಸಂಕೇತ ಕೆಡುವುದೊಂದು, ಅಪಾಯ ಮತ್ತೊಂದು. ಉದ್ದದ ವಿಷಯದಲ್ಲಿ ಗೃಹಸ್ಥನು ಚಿಂತಿಸಬೇಕಾಗಿಲ್ಲ. ಶಾಸ್ತ್ರ 100 ಮೀಟರಿನವರೆಗೆ ಅನುಮತಿ ಕೊಟ್ಟಿದೆ.

ಕರೆ ಮಾಡುವ ಮುನ್ನ

ಇಷ್ಟಾದ ಮೇಲೆಯೂ ಸಂಪರ್ಕ ಬಾರದಿದ್ದರೆ ಬಲ್ಲವರನ್ನು ಕರೆಯಬೇಕು. ಆಗ “ನೆಟ್ ಇಲ್ಲ” ಎನ್ನುವುದರ ಬದಲು, “ವೈಫೈ ಬರುತ್ತಿದೆ, ತಂತಿಯಲ್ಲಿ ಬರುತ್ತಿಲ್ಲ, ದೀಪ ಹತ್ತಿದೆ, ವಿಳಾಸ 169 ಎಂದು ತೋರಿಸುತ್ತಿದೆ, ತಂತಿ ಬದಲಾಯಿಸಿ ನೋಡಿದ್ದಾಯಿತು” ಎಂದು ಹೇಳಿದರೆ, ಆಚೆಯವನು ಬರುವಾಗ ಏನನ್ನು ತರಬೇಕೆಂಬುದನ್ನು ನಿರ್ಧರಿಸಬಲ್ಲನು, ಪ್ಲಗ್ಗುಗಳ ಪೊಟ್ಟಣವನ್ನೂ ಕ್ರಿಂಪಿಂಗ್ ಇಕ್ಕಳವನ್ನೂ ತಂದು, ಹಳೆಯ ತುದಿಯನ್ನು ಎರಡು ಅಂಗುಲ ಕತ್ತರಿಸಿ, ಎಂಟು ಎಳೆಗಳನ್ನು ಮಗ್ಗಿಯ ಕ್ರಮದಲ್ಲಿ ಕೂರಿಸಿ ಒತ್ತಿದರೆ ಐದು ನಿಮಿಷದ ಕೆಲಸ ಮುಗಿಯುವುದೂ ಉಂಟು.

ಆದರೆ ಸಹಾಯವಾಣಿಯ ದನಿಗೆ ಈ ಪಾಂಡಿತ್ಯದ ಪರಿವೆಯಿರುವುದಿಲ್ಲ. ನೀವು ಎಲ್ಲವನ್ನೂ ಸಾವಧಾನವಾಗಿ ನಿವೇದಿಸಿ ಮುಗಿಸಿದ ಮೇಲೆ ಅದು “ಒಂದು ಸಲ ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್” ಎನ್ನುತ್ತದೆ. ವಾದಿಸದೆ ಹಾಗೆಯೇ ಮಾಡಿ, ಅರ್ಧ ನಿಮಿಷ ಕಾಯಿರಿ.